ಗೋಡೆಯ ನಾರಿನ ಹಾಸಿನಲ್ಲಿ ಬೂಷ್ಟು: ತಪ್ಪು ಎಲ್ಲಿ?

ಪ್ರಶ್ನೆ: ಶಾಖ ತಡೆಯಲು ಹೊರಗೋಡೆಯ ಒಳಮೈಗೆ ಮರದ ಚೌಕಟ್ಟು ಹೊಡೆದು, ಸೆಣಬಿನ ನಾರಿನ ಹಾಸು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದಿದೆ. ನಾರೇ ಸರಿಯಿಲ್ಲವೇ?

ಉತ್ತರ: ನಾರನ್ನು ದೂರಬೇಡಿ. ಅದು ತೇವ ಹೀರಿದರೂ ಗಾಳಿಯಾಡಿದರೆ ಬಿಟ್ಟುಕೊಡುತ್ತದೆ. ಗೋಡೆಯಿಂದ ಬಂದ ತೇವ ಒಳಕ್ಕೆ ಆರುವುದನ್ನು ನಿಮ್ಮ ಹಾಳೆ ತಡೆದಿದೆ. ಮೊದಲು ಗೋಡೆಯ ಬಿರುಕು, ಸೋರಿಕೆ ಮುಚ್ಚಿಸಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಬೂಷ್ಟು ಹಿಡಿದ ಹಾಸನ್ನು ಒಣಗಿಸಿ ಮತ್ತೆ ಬಳಸಬೇಡಿ, ತೆಗೆದುಹಾಕಿ. ಚೌಕಟ್ಟಿನ ಮರದ ತೇವಾಂಶ ಶೇ. 18ಕ್ಕಿಂತ ಕೆಳಗಿಳಿದ ಮೇಲೆ, ಬೋರಾನ್ ಲವಣದಿಂದ (ಬೂಷ್ಟು, ಕೀಟ ತಡೆಯುವ ಲವಣ) ಸಂಸ್ಕರಿಸಿದ ಹೊಸ ಹಾಸನ್ನು ಸಂದಿಗಿಂತ 10–20 ಮಿ.ಮೀ. ಅಗಲವಾಗಿ ಕತ್ತರಿಸಿ ಕೂರಿಸಿ. ದಪ್ಪವನ್ನು ಮಾತ್ರ ಒತ್ತಿ ತಗ್ಗಿಸಬೇಡಿ; ಶಾಖ ತಡೆಯುವುದು ಎಳೆಗಳ ನಡುವೆ ನಿಂತ ಗಾಳಿ. ಮೇಲೆ ಪ್ಲಾಸ್ಟಿಕ್ ಹಾಳೆಯ ಬದಲು ಪಟ್ಟಿ ಅಥವಾ ಜಾಲರಿ ಹೊಡೆದು ಸುಣ್ಣದ ಗಾರೆ ಮೆತ್ತಿ; ತೇವ ಆರಲು ಬಿಡದ ಎಣ್ಣೆ ಬಣ್ಣ ಬೇಡ.