ಮಗಳನ್ನು ಹಾಡಿನ ಶೋಗೆ ಕಳಿಸುತ್ತಿದ್ದೇವೆ, ‘ದ ಟ್ರೂಮನ್ ಶೋ’ಗೂ ನಮಗೂ ಏನು ಸಂಬಂಧ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 11 ವರ್ಷದ ಮಗಳು ಟೀವಿಯ ಹಾಡಿನ ಶೋದ ಆಡಿಷನ್‌ನಲ್ಲಿ ಎರಡನೇ ಸುತ್ತಿಗೆ ಬಂದಿದ್ದಾಳೆ. ಕಳಿಸುವ ಮೊದಲು ‘ದ ಟ್ರೂಮನ್ ಶೋ’ ನೋಡಿ ಎಂದು ಗೆಳೆಯರೊಬ್ಬರು ಹೇಳಿದರು, ಗಂಡ ಹೆಂಡತಿ ಕೂತು ನೋಡಿದಿರಿ. ‘ಆ ಟ್ರೂಮನ್‌ಗೆ ಕ್ಯಾಮೆರಾ ಇದ್ದದ್ದೇ ಗೊತ್ತಿರಲಿಲ್ಲ. ನಮ್ಮ ಮಗಳು ಎಲ್ಲ ಗೊತ್ತಿದ್ದೇ ಹೋಗುತ್ತಾಳೆ. ಅಷ್ಟು ಹಳೆಯ ಸಿನಿಮಾಕ್ಕೂ ನಮಗೂ ಏನು ಸಂಬಂಧ?’ ಎಂದು ಕೇಳಿದ್ದೀರಿ.

ಸಂಬಂಧ ಇದೆ. ನಾನು ಕುಮಟಾದವನು. ನನ್ನ ತಂಗಿಯನ್ನು ಘಟ್ಟದ ಮೇಲೆ, ಶಿರಸಿ ಕಡೆ ಕೊಟ್ಟಿದೆ. ಅವಳ ಮಗಳು ನಿಮ್ಮ ಮಗಳ ವಯಸ್ಸಿನಲ್ಲೇ ಇಂಥದೇ ಒಂದು ಶೋಗೆ ಹೋಗಿದ್ದಳು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಸಿನಿಮಾದ ಮಾತು, ಯಾಕೆಂದರೆ ನೀವು ಅದರ ಅರ್ಧ ಮಾತ್ರ ಹಿಡಿದಿದ್ದೀರಿ ಎಂದು ನನಗೆ ಅನ್ನಿಸಿತು.

ಹುಟ್ಟಿದಾಗಿನಿಂದ ತನ್ನ ಬದುಕೇ ಒಂದು ಟೀವಿ ಶೋ, ಊರೇ ಒಂದು ಸೆಟ್, ಸುತ್ತಲಿನವರೆಲ್ಲ ನಟರು ಎಂದು ಗೊತ್ತಿಲ್ಲದೆ ಬದುಕುವ ಟ್ರೂಮನ್‌ನ ಕಥೆ ಅದು. ತೆರೆಗೆ ಬಂದದ್ದು 1998ರ ಜೂನ್‌ನಲ್ಲಿ. ಬರೆದವರು ಆಂಡ್ರ್ಯೂ ನಿಕೋಲ್, ನಿರ್ದೇಶನ ಪೀಟರ್ ವಿಯರ್, ಟ್ರೂಮನ್ ಆಗಿ ಜಿಮ್ ಕ್ಯಾರಿ. ‘ಬಿಗ್ ಬ್ರದರ್’ ನೆದರ್ಲೆಂಡ್ಸ್‌ನಲ್ಲಿ ಶುರುವಾದದ್ದು ಅದರ ಮರುವರ್ಷ, 1999ರಲ್ಲಿ. ಅದರದೇ ರೂಪವಾದ ‘ಬಿಗ್ ಬಾಸ್’ ಕನ್ನಡಕ್ಕೆ ಬಂದದ್ದು 2013ರಲ್ಲಿ. ಹಾಗಾಗಿ ಮುಂದೆ ಆಗುವುದನ್ನು ಮೊದಲೇ ಹೇಳಿದ ಸಿನಿಮಾ ಎಂದು ಅದನ್ನು ಹೊಗಳುವವರು ಬಹಳ. ನನಗೆ ಆ ಹೊಗಳಿಕೆ ಅಷ್ಟು ಹಿಡಿಸುವುದಿಲ್ಲ. ಒಂದು ಕುಟುಂಬದ ಮನೆಯೊಳಗೆ ಕ್ಯಾಮೆರಾ ಇಟ್ಟು, ಅವರ ಸಂಸಾರ ಒಡೆಯುವುದನ್ನು ಅಮೆರಿಕದ ಟೀವಿ 1973ರಲ್ಲೇ ತೋರಿಸಿತ್ತು. ಮನೆಯೊಳಗೆ ಕ್ಯಾಮೆರಾ ಬರುತ್ತದೆ ಎಂದು ಹೇಳಲು ಭವಿಷ್ಯ ಬಲ್ಲವರು ಬೇಕಾಗಿರಲಿಲ್ಲ.

ಸಿನಿಮಾದ ಜೀವ ಇರುವುದು ಬೇರೆ ಕಡೆ. ಸೇತುವೆಯ ಮೇಲಿನ ದೃಶ್ಯ ನೆನಪಿಸಿಕೊಳ್ಳಿ. ಟ್ರೂಮನ್‌ಗೆ ಏನೋ ಸರಿಯಿಲ್ಲ ಎಂಬ ಅನುಮಾನ ಬಲಿತಿದೆ. ಚಿಕ್ಕಂದಿನ ಗೆಳೆಯ ಮಾರ್ಲನ್ ಬಿಯರ್ ತಂದು ಪಕ್ಕದಲ್ಲಿ ಕೂತು, ಕಣ್ಣು ತುಂಬಿಕೊಂಡು, ನಿನಗೆ ನಾನು ಯಾವತ್ತೂ ಸುಳ್ಳು ಹೇಳುವವನಲ್ಲ ಎನ್ನುತ್ತಾನೆ. ಮರುಗಳಿಗೆಗೆ ಕ್ಯಾಮೆರಾ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಆ ಮಾತನ್ನು ಒಂದೊಂದೇ ಪದವಾಗಿ ಮಾರ್ಲನ್‌ನ ಕಿವಿಗೆ ಹೇಳಿಕೊಡುತ್ತಿರುವವನು ಕ್ರಿಸ್ಟೋಫ್, ಆ ಶೋದ ಸೃಷ್ಟಿಕರ್ತ. ಮಾತು ಒಬ್ಬನದು, ಬಾಯಿ ಇನ್ನೊಬ್ಬನದು, ಕಣ್ಣೀರು ಮಾತ್ರ ನಿಜವಾದ ಕಣ್ಣೀರಿನ ಹಾಗೇ ಇದೆ. ಸುಮಾರು 5,000 ಕ್ಯಾಮೆರಾಗಳನ್ನು ಟ್ರೂಮನ್‌ನಿಂದ ಬಚ್ಚಿಟ್ಟಿದ್ದರು, ಸರಿ. ಆದರೆ ಅದಕ್ಕಿಂತ ದೊಡ್ಡದನ್ನು ಬಚ್ಚಿಟ್ಟಿದ್ದರು. ತಾನು ಯಾವ ಕಥೆಯೊಳಗೆ ಇದ್ದೇನೆ, ಪಕ್ಕದವರ ಮಾತನ್ನು ಬರೆಯುತ್ತಿರುವವರು ಯಾರು ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ನಮ್ಮ ಕಡೆಯ ಯಕ್ಷಗಾನವನ್ನು ನೀವು ನೋಡಿರಬಹುದು. ಅಲ್ಲಿ ಎಲ್ಲವೂ ವೇಷವೇ. ಕಿರೀಟ ಮರದ್ದು, ಮೀಸೆ ಅಂಟಿಸಿದ್ದು, ಅಳುವ ದಮಯಂತಿ ಗಂಡಸು. ಪದ್ಯ ಬರೆದಿಟ್ಟದ್ದು, ಆದರೆ ಅರ್ಥಗಾರಿಕೆಯನ್ನು, ಅಂದರೆ ಪದ್ಯವನ್ನು ಬಿಡಿಸಿ ಆಡುವ ಮಾತನ್ನು, ಯಾರೂ ಬರೆದುಕೊಡುವುದಿಲ್ಲ. ಇಬ್ಬರು ವೇಷಧಾರಿಗಳು ಎದುರೆದುರು ನಿಂತು, ಅಲ್ಲೇ ಹುಟ್ಟಿದ ಮಾತಿನಲ್ಲಿ ಒಬ್ಬರನ್ನೊಬ್ಬರು ಕಟ್ಟಿಹಾಕಲು ನೋಡುತ್ತಾರೆ. ಒಮ್ಮೊಮ್ಮೆ ಒಬ್ಬ ನಿಜವಾಗಿಯೂ ಸಿಕ್ಕಿಬೀಳುತ್ತಾನೆ, ಬೆವರುತ್ತಾನೆ. ಆದರೂ ಅದರಲ್ಲಿ ಮೋಸ ಇಲ್ಲ. ಯಾಕೆಂದರೆ ಪ್ರಸಂಗ, ಅಂದರೆ ಆಡುವ ಕಥೆ, ಯಾವುದು ಎಂದು ಹೇಳದೆ ಯಾರನ್ನೂ ರಂಗಸ್ಥಳಕ್ಕೆ ಬಿಡುವುದಿಲ್ಲ. ಚೌಕಿಯಲ್ಲಿ ಬಣ್ಣ ಬಳಿದುಕೊಳ್ಳುವ ಪ್ರತಿಯೊಬ್ಬನಿಗೂ ತಾನು ಇವತ್ತು ಗೆಲ್ಲುವವನೋ ಸಾಯುವವನೋ ಗೊತ್ತು. ಆಟವನ್ನು ನಡೆಸುವ ಭಾಗವತರು ಎಲ್ಲರ ಕಣ್ಣೆದುರೇ ಕೂತಿರುತ್ತಾರೆ, ತಾಳ ಹಿಡಿದುಕೊಂಡು. ಕ್ರಿಸ್ಟೋಫ್ ಕೂತದ್ದು ಕಟ್ಟಿ ನಿಲ್ಲಿಸಿದ ಆಕಾಶದ ಚಂದ್ರನೊಳಗೆ. ವೇಷ ಕಟ್ಟುವುದು ತಪ್ಪು ಎಂದು ನಾನು ಯಾವತ್ತೂ ಹೇಳಲಾರೆ. ಒಬ್ಬರಿಗೆ ಮಾತ್ರ ಪ್ರಸಂಗ ಹೇಳದೆ ಎಲ್ಲರೂ ಸೇರಿ ಅವರನ್ನು ಕುಣಿಸುವುದು ತಪ್ಪು.

ಈಗ ನಮ್ಮ ಮನೆಯ ವಿಷಯ.

ಸೊಸೆ, ಅಂದರೆ ತಂಗಿಯ ಮಗಳು, ಆಯ್ಕೆಯಾದ ಮೂರನೇ ವಾರಕ್ಕೆ ಚಾನೆಲ್‌ನವರು ಮನೆಗೆ ಬಂದರು, ‘ವಿಟಿ’ ಶೂಟ್ ಮಾಡಲು. ಹಾಡುವ ಮೊದಲು ಮಗುವಿನ ಮನೆ, ಊರು, ಕಷ್ಟ ಸುಖ ತೋರಿಸುವ ಎರಡು ಮೂರು ನಿಮಿಷದ ತುಣುಕಿಗೆ ಅವರು ಹಾಗೆನ್ನುತ್ತಾರೆ. ಏಳು ಜನ, ಎರಡು ಕಾರು, ಎರಡು ದಿನ. ಕೆಟ್ಟ ಜನವಲ್ಲ. ತಂಗಿ ಮಾಡಿದ ತೊಡೆದೇವು ತಿಂದು ಹೊಗಳಿದರು, ಅಜ್ಜಿಯ ಕಾಲಿಗೆ ಬಿದ್ದರು. ಆಮೇಲೆ ಅಡಿಗೆಮನೆಯಿಂದ ಫ್ರಿಜ್ ಆಚೆ ಸಾಗಿಸಿದರು. ಗ್ಯಾಸ್ ಒಲೆಯ ಮೇಲೆ ಬಟ್ಟೆ ಮುಚ್ಚಿ, ಬಚ್ಚಲ ಕಡೆಯ ಕಟ್ಟಿಗೆ ಒಲೆಯ ಮುಂದೆ ತಂಗಿಯನ್ನು ಕೂರಿಸಿದರು. ಪಂಪು ಹಾಕಿಸಿ ಎಷ್ಟೋ ವರ್ಷವಾದ ಮನೆಯಲ್ಲಿ ಅವಳು ಬಾವಿಯಿಂದ ಕೊಡ ಹೊತ್ತು ತರಬೇಕಾಯಿತು, ನಾಲ್ಕು ಸಲ, ಬೆಳಕು ಸರಿಬರುವವರೆಗೆ. ಭಾವನ, ಅಂದರೆ ತಂಗಿಯ ಗಂಡನ, ಬೈಕು ಕೊಟ್ಟಿಗೆ ಸೇರಿತು. ಮಗು ಚಪ್ಪಲಿ ಬಿಟ್ಟು ತೋಟದಲ್ಲಿ ಓಡಾಡಿದಳು. ಫ್ರಿಜ್ ಇದ್ದ ಜಾಗದ ಹಿಂದಿನ ಗೂಡಿನಲ್ಲಿ ಪ್ರಾಯೋಜಕರ ಮಸಾಲೆ ಪ್ಯಾಕೆಟ್ ಮಾತ್ರ ಹೊಸದಾಗಿ ಬಂದು ಕೂತಿತು, ಹೆಸರು ಕಾಣುವ ಹಾಗೆ ತಿರುಗಿಸಿ. ಸಿನಿಮಾದಲ್ಲಿ ಟ್ರೂಮನ್‌ನ ಹೆಂಡತಿ, ಗಂಡ ಕುಸಿದುಬೀಳುತ್ತಿರುವಾಗ ಕೋಕೋ ಡಬ್ಬಿ ಎತ್ತಿ ಹಿಡಿದು ಅದರ ಗುಣಗಾನ ಮಾಡುತ್ತಾಳಲ್ಲ, ‘ಯಾರ ಹತ್ತಿರ ಮಾತಾಡುತ್ತಿದ್ದೀ?’ ಎಂದು ಅವನು ಕೇಳುತ್ತಾನಲ್ಲ, ಆ ದೃಶ್ಯ ನೋಡುವಾಗ ನನಗೆ ಈ ಗೂಡು ನೆನಪಾಗಿ ಮೈ ಬೆವರಿತು.

ಇಷ್ಟಾಗಿದ್ದರೆ ನಾನು ನಿಮಗೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಎರಡನೇ ದಿನ ಸಂಜೆ, ಮಗುವನ್ನು ಹೊಳೆಯ ಹತ್ತಿರ ಶೂಟಿಂಗ್‌ಗೆ ಕರೆದುಕೊಂಡು ಹೋದಾಗ, ಉಳಿದವರು ಭಾವನನ್ನು ಜಗಲಿಯಲ್ಲಿ ಕೂರಿಸಿ ಅಂಗಿಗೆ ಮೈಕು ಸಿಕ್ಕಿಸಿದರು. ಆ ವರ್ಷ ಕೊಳೆರೋಗ ಬಿದ್ದು ಅರ್ಧ ಅಡಿಕೆ ಉದುರಿತ್ತು, ಸೊಸೈಟಿಯಲ್ಲಿ ಸಾಲ ಇತ್ತು. ತೋಟ ಇದ್ದವರಿಗೆ ಇದು ಹೊಸತಲ್ಲ. ಮಕ್ಕಳ ಎದುರು ಆ ಮಾತು ಆಡುವ ಮನುಷ್ಯನೂ ಅಲ್ಲ ಅವನು. ಕ್ಯಾಮೆರಾ ಪಕ್ಕದಲ್ಲಿ ಕೂತ ಹುಡುಗ ಸಮಾಧಾನದಿಂದ ಕೇಳುತ್ತಾ ಹೋದ, ಕೊನೆಗೆ ‘ಅಂಕಲ್, ಮಗಳು ಗೆದ್ದರೆ ಈ ಸಾಲ ತೀರುತ್ತೆ ಅಂತ ಒಂದ್ಸಲ ಹೇಳಿಬಿಡಿ’ ಅಂದ. ಭಾವ ಆಗೋದಿಲ್ಲ ಅಂದ. ಹಾಗಾದರೆ ಈ ವಿಟಿ ನಿಲ್ಲೋದಿಲ್ಲ, ಮಗುವಿಗೇ ಹೊಡೆತ ಅಂದರು. ಭಾವ ಹೇಳಿದ. ‘ಒನ್ ಮೋರ್’ ಅಂದರು. ಎರಡನೇ ಸಲ ಹೇಳುವಾಗ ಅವನ ಗಂಟಲು ಕಟ್ಟಿತು. ಅವರಿಗೆ ಬೇಕಾದದ್ದು ಅದೇ.

ಬೆಂಗಳೂರಿನ ಸೆಟ್‌ನಲ್ಲಿ ಮಗು ವೇದಿಕೆಯ ಮೇಲೆ ನಿಂತಿದ್ದಾಗ ಹಿಂದಿನ ದೊಡ್ಡ ಪರದೆಯ ಮೇಲೆ ಇದನ್ನು ಬಿಟ್ಟರು. ಒಂದು ಕ್ಯಾಮೆರಾ ಪೂರ್ತಿ ಅವಳ ಮುಖದ ಮೇಲೆ. ಅಪ್ಪ ಅಳುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೊದಲ ಸಲ ನೋಡಿದ್ದು ಅಲ್ಲಿ, ಅಷ್ಟು ದೀಪದ ಕೆಳಗೆ. ಅವಳ ಮುಖ ಹೇಗಾಯಿತು ಎನ್ನುವುದು ವಾರವಿಡೀ ಪ್ರೊಮೊದಲ್ಲಿ ಓಡಿತು. ಊರಿನವರೆಲ್ಲ ಫೋನ್ ಮಾಡಿ ಎಷ್ಟು ಚೆನ್ನಾಗಿ ಬಂತು ಅಂದರು. ಅವಳು ನನಗೆ ಹೇಳಿದ್ದು ಒಂದೇ ಮಾತು: ‘ಯಂಗೆ ಗೊತ್ತಿತ್ತಿಲ್ಲೆ ಮಾವ.’ ನನಗೆ ಗೊತ್ತಿರಲಿಲ್ಲ ಅಂತ.

ಕ್ಯಾಮೆರಾ ಗೊತ್ತಿತ್ತು ಅವಳಿಗೆ. ಮೈಕು, ಮೇಕಪ್ಪು, ಜಡ್ಜ್‌ಗಳು ಕೂರುವ ಜಾಗ, ಎಲ್ಲ ಗೊತ್ತಿತ್ತು. ತಾನು ಹಾಡಲು ಬಂದಿದ್ದೇನೆ ಎಂದುಕೊಂಡಿದ್ದಳು. ಅವಳನ್ನು ನಿಲ್ಲಿಸಿದ್ದು ಸಾಲಗಾರ ಅಪ್ಪನ ಮನೆ ಉಳಿಸುವ ಮಗಳ ಕಥೆಯಲ್ಲಿ. ಆ ಪ್ರಸಂಗ ಅವಳಿಗೆ ಹೇಳಿರಲಿಲ್ಲ. ಎರಡು ವಾರದ ನಂತರ ಅವಳು ಎಲಿಮಿನೇಟ್ ಆದಳು. ಹಾಡಿನಲ್ಲಿ ಸೋತದ್ದಕ್ಕೆ ಅವಳಿಗೆ ಅಷ್ಟು ದುಃಖ ಆಗಲಿಲ್ಲ, ಅಪ್ಪನ ಸಾಲ ತನ್ನಿಂದ ತೀರಲಿಲ್ಲ ಎಂದು ಬಹಳ ದಿನ ನಂಬಿಕೊಂಡಿದ್ದಳು. ಸಾಲವನ್ನು ಭಾವ ಮರುವರ್ಷದ ಅಡಿಕೆಯಲ್ಲೇ ತೀರಿಸಿದ. ಅದನ್ನು ಯಾವ ಟೀವಿಯೂ ಅವಳಿಗೆ ತೋರಿಸಲಿಲ್ಲ.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. ಬಾಲಕಾರ್ಮಿಕ ಕಾಯ್ದೆಯ ನಿಯಮಗಳಿಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಬಾಲ ಕಲಾವಿದರ ವಿಷಯವೂ ಇದೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿರಾಮ ಕೊಡದೆ 3 ಗಂಟೆ ದಾಟುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಅದರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿನ ಇಷ್ಟಕ್ಕೆ, ಒಪ್ಪಿಗೆಗೆ ವಿರುದ್ಧವಾಗಿ ಏನನ್ನೂ ಮಾಡಿಸುವಂತಿಲ್ಲ ಎಂದೂ ಇದೆ. ಇವನ್ನೆಲ್ಲ ಕೇಳಿ ತಿಳಿದುಕೊಳ್ಳಿ, ಕಾಗದ ತೋರಿಸಲು ಹೇಳಿ. ಆದರೆ ಯಾವುದಕ್ಕೆ ಒಪ್ಪಿಗೆ? ನಮ್ಮ ಮಗು ಒಪ್ಪಿದ್ದು ಹಾಡಲು. ಟ್ರೂಮನ್‌ನನ್ನಂತೂ ಹುಟ್ಟುವ ಮೊದಲೇ ಆರಿಸಿದ್ದರು, ಒಂದು ಕಂಪನಿ ಅವನನ್ನು ದತ್ತು ತೆಗೆದುಕೊಂಡಿತ್ತು.

ಭಾವ ಯಾಕೆ ಆ ಮಾತು ಹೇಳಿದ ಎಂದು ನಾನು ಬಹಳ ಯೋಚಿಸಿದ್ದೇನೆ. ಮಗುವಿಗೇ ಹೊಡೆತ ಎಂಬ ಭಯದಿಂದ. ಸಿನಿಮಾ ಇದನ್ನು ಎಷ್ಟು ಚೆನ್ನಾಗಿ ಹಿಡಿದಿದೆ ನೋಡಿ. ಟ್ರೂಮನ್ ಊರು ಬಿಡದ ಹಾಗೆ ತಡೆದದ್ದು ಗೋಡೆಯಲ್ಲ. ಚಿಕ್ಕವನಿದ್ದಾಗ ಅವನ ಕಣ್ಣೆದುರೇ ಅಪ್ಪ ಕಡಲಿನಲ್ಲಿ ಮುಳುಗಿ ಹೋದ ಹಾಗೆ ಆಟ ಕಟ್ಟಿದರು. ಆಮೇಲೆ ಅವನು ನೀರು ಕಂಡರೆ ನಡುಗುತ್ತಿದ್ದ, ಕಾವಲು ಬೇಕಾಗಲಿಲ್ಲ. ಕಡಲಿನ ಭಯ ನಮಗೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ನೀರಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲ, ಕಡಲು ಏಳುವ ಕಾಲ. ತದಡಿ ಬಂದರಿನಲ್ಲಿ ದೋಣಿ ಕಟ್ಟಿ ಬಲೆ ಹೆಣೆಯುತ್ತಾ ಕೂತವರಿಗೆ ಇರುವುದು ಕಂಡು ಉಂಡ ಭಯ, ಅದು ಜೀವ ಕಾಯುತ್ತದೆ. ಟ್ರೂಮನ್‌ನೊಳಗೆ ಬಿತ್ತಿದ್ದು ಬೇರೆಯವರ ಲಾಭಕ್ಕೆ ಬೆಳೆದ ಭಯ. ಕೊನೆಗೆ ಅವನು ಆ ಭಯವನ್ನೇ ಹತ್ತಿ ದೋಣಿ ಬಿಟ್ಟಾಗ ಕ್ರಿಸ್ಟೋಫ್ ಬಿರುಗಾಳಿ ಎಬ್ಬಿಸುತ್ತಾನೆ, ಸಾಯುತ್ತಾನೆ ಎಂದು ಪಕ್ಕದವರು ಕೂಗಿದರೂ ನಿಲ್ಲಿಸುವುದಿಲ್ಲ. ದೋಣಿಯ ಮೂತಿ ಬಣ್ಣ ಬಳಿದ ಆಕಾಶಕ್ಕೆ ಚುಚ್ಚಿಕೊಳ್ಳುವ ಆ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ಆ ಆಕಾಶದ ಗೋಡೆಯಲ್ಲಿದ್ದ ಬಾಗಿಲು ದಾಟಿ ಹೊರಗೆ ಹೋದ ಮೇಲೆ ಅವನಿಗೆ ಏನಾಯಿತು ಎಂದು ತೋರಿಸಲಿಲ್ಲ ಎಂದೂ ನೀವು ಬೇಸರ ಮಾಡಿಕೊಂಡಿದ್ದೀರಿ. ತೋರಿಸದೇ ಇದ್ದದ್ದೇ ಸರಿ. ಅಲ್ಲಿಗೂ ಕ್ಯಾಮೆರಾ ಹೋಗಿದ್ದರೆ ಅವನು ದಾಟಿದ್ದು ಯಾವ ಬಾಗಿಲು? ಇತ್ತ ಇಷ್ಟು ವರ್ಷ ಅವನಿಗಾಗಿ ಕಣ್ಣೀರು ಹಾಕಿದ ನೋಡುಗರು ಬೇರೆ ಚಾನೆಲ್‌ನಲ್ಲಿ ಏನಿದೆ ಎಂದು ಹುಡುಕುತ್ತಾರೆ. ನಮ್ಮ ಊರಿನವರ ಫೋನೂ ಎರಡು ವಾರಕ್ಕೆ ನಿಂತಿತ್ತು.

ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಹಾಡುವ ಮಗುವಿಗೆ ದೊಡ್ಡ ವೇದಿಕೆ ಸಿಕ್ಕರೆ ಒಳ್ಳೆಯದೇ. ಆದರೆ ಸಹಿ ಹಾಕುವ ಮೊದಲು ಕೇಳಿ: ಮನೆಯಲ್ಲಿ ಯಾರನ್ನೆಲ್ಲ ಶೂಟ್ ಮಾಡುತ್ತೀರಿ, ಏನು ಕೇಳುತ್ತೀರಿ, ಅದರಲ್ಲಿ ಯಾವುದನ್ನು ವೇದಿಕೆಯ ಮೇಲೆ ಅವಳಿಗೆ ತೋರಿಸುತ್ತೀರಿ? ಆ ವಿಟಿಯನ್ನು ಅವಳು ಮೊದಲು ಮನೆಯವರ ಜೊತೆ ಕೂತು ನೋಡಿರಬೇಕು ಎಂದು ಹಟ ಹಿಡಿಯಿರಿ. ಒಪ್ಪದಿದ್ದರೆ ನಿಮ್ಮ ಬಗ್ಗೆ ಅವರು ಯಾವ ಪ್ರಸಂಗ ಕಟ್ಟಿಕೊಂಡಿದ್ದಾರೆ ಎಂದು ಅಲ್ಲೇ ಗೊತ್ತಾಗುತ್ತದೆ. ಮನೆಯ ಕಷ್ಟ ಏನಾದರೂ ಇದ್ದರೆ ಕ್ಯಾಮೆರಾಗಿಂತ ಮೊದಲು ನೀವೇ ಅವಳಿಗೆ ಹೇಳಿ. ನಾವು ಹೇಳಿರಲಿಲ್ಲ, ಅದು ನಮ್ಮ ತಪ್ಪು.

ಸೊಸೆ ಈಗ ಪಿಯುಸಿ ಎರಡನೇ ವರ್ಷ. ಅವಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಮೊದಲು ಬರೆದದ್ದನ್ನು ಓದಿ ಒಂದು ವಾಕ್ಯ ತೆಗೆಯಲು ಹೇಳಿದಳು, ತೆಗೆದೆ. ಹೆಸರು, ಊರು ಬೇಡ ಅಂದಳು. ನಿಮ್ಮ ಮಗಳಿಗೆ ಏನಾದರೂ ಕೇಳುವುದಿದ್ದರೆ ತಾನೇ ಮಾತಾಡುತ್ತೇನೆ ಅಂದಿದ್ದಾಳೆ, ಇಲ್ಲೇ ತಿಳಿಸಿ.