ಹಳೇ ಟೋಪೋ ಶೀಟ್ ಹಿಡ್ಕೊಂಡು ಕಳೆದುಹೋದ ಊರು ಹುಡುಕೋರ ಪ್ರಶ್ನೆಗಳು

ಹಳೇ ಟೋಪೋ ಮ್ಯಾಪ್ (ನೆಲದ ಏರಿಳಿತ, ದಾರಿ, ಮನೆ ಎಲ್ಲಾ ತೋರಿಸೋ ಸರ್ವೆ ನಕ್ಷೆ, ಅದರ ಒಂದೊಂದು ಹಾಳೆನೇ ಶೀಟ್) ನೋಡಿ ಮರೆತುಹೋದ ಜಾಗ ಹುಡುಕೋದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಇಲ್ಲಿ ತಗೊಂಡಿದ್ದೀನಿ. ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು, ಸಹಿಸ್ಕೊಳಿ.

ಪ್ರಶ್ನೆ: ಸರ್, ನನ್ನ ಹತ್ರ ಅಮೆರಿಕದ ಒಂದು ಹಳೇ ಟೋಪೋ ಶೀಟಿನ ಸ್ಕ್ಯಾನ್ ಇದೆ, ಸ್ಕೇಲ್ 1:62,500. ಒಂದು ದಿಣ್ಣೆ ಮೇಲೆ ಏಳೆಂಟು ಕಪ್ಪು ಚೌಕ, ಅದರಲ್ಲಿ ಒಂದಕ್ಕೆ ಪುಟ್ಟ ಬಾವುಟ, ಅಲ್ಲಿಗೆ ಹೋಗೋಕೆ ಚುಕ್ಕಿ ಗೆರೆ ದಾರಿ. ಈಗ ಸ್ಯಾಟಲೈಟಲ್ಲಿ ನೋಡಿದ್ರೆ ಬರೀ ಕಾಡು. ಆ ಜಾಗ ಸಿಗಬಹುದಾ, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಸಿಗೋ ಚಾನ್ಸ್ ಚೆನ್ನಾಗೇ ಇದೆ. ಆದ್ರೆ ಶೂ ಹಾಕ್ಕೊಳೋಕ್ ಮುಂಚೆ ಶೀಟಿನ ಅಂಚು ಓದಿ. ಎಲ್ಲರೂ ನಡುವಿನ ಚಿತ್ರ ನೋಡ್ತಾ ಕೂರ್ತಾರೆ, ಕೆಳಗೆ ಸಣ್ಣಕ್ಷರದಲ್ಲಿ ಇರೋದನ್ನ ಯಾರೂ ಮುಟ್ಟಲ್ಲ, ಅರ್ಧ ಮಾಹಿತಿ ಇರೋದೇ ಅಲ್ಲಿ. ಒಂದೇ ಶೀಟಲ್ಲಿ ಮೂರು ಇಸವಿ ಇರಬಹುದು: ಸರ್ವೆ ಆಗಿದ್ದು, ಎಡಿಷನ್ ಬಂದಿದ್ದು, ರೀಪ್ರಿಂಟ್ ಆಗಿದ್ದು. ಈಗ 1915ರಲ್ಲಿ ಸರ್ವೆ ಆಗಿ, 1918ರಲ್ಲಿ ಎಡಿಷನ್ ಬಂದು, 1943ರಲ್ಲಿ ರೀಪ್ರಿಂಟ್ ಆಗಿದೆ ಅಂತ ಇಟ್ಕೊಳಿ, ಆ ಮನೆಗಳು 1943ರಲ್ಲಿ ಇದ್ವು ಅಂತ ಆ ಶೀಟ್ ಹೇಳ್ತಾ ಇಲ್ಲ, 1915ರಲ್ಲಿ ಸರ್ವೆಯವರು ನೋಡಿದ್ರು ಅಂತಷ್ಟೇ ಹೇಳ್ತಿದೆ. ಊರಿನ ಚರಿತ್ರೆ ಬರೆಯೋರು ಜಾಸ್ತಿ ಎಡವೋದು ಇಲ್ಲೇ, ರೀಪ್ರಿಂಟ್ ಇಸವಿ ಹಿಡ್ಕೊಂಡು ಊರಿನ ಆಯಸ್ಸನ್ನ ಇಪ್ಪತ್ತು ಮೂವತ್ತು ವರ್ಷ ಎಳೆದುಬಿಡ್ತಾರೆ.

ಆಮೇಲೆ ಚಿಹ್ನೆ. ಕಪ್ಪು ಚೌಕ ಅಂದ್ರೆ ಕಟ್ಟಡ, ಬಾವುಟ ಇದ್ರೆ ಸ್ಕೂಲು, ಶಿಲುಬೆ ಇದ್ರೆ ಚರ್ಚು. ಮುಂದಿನ ಕಾಲದ 1:24,000 ಶೀಟುಗಳಲ್ಲಿ ತುಂಬಿದ ಚೌಕ ಜನ ವಾಸ ಇರೋ ಮನೆ, ಒಳಗೆ ಖಾಲಿ ಇರೋ ಚೌಕ ದನದ ಕೊಟ್ಟಿಗೆ, ಗೋದಾಮು ಥರದ್ದು, ಆದ್ರೆ ಹಳೇ ಶೀಟಲ್ಲಿ ಈ ವ್ಯತ್ಯಾಸ ಹುಡುಕಬೇಡಿ. ಎರಡು ಪಿಕಾಸಿ ಅಡ್ಡಡ್ಡ ಇಟ್ಟ ಹಾಗಿದ್ರೆ ಅದು ಗಣಿ. ನಿಮ್ಮ ಶೀಟಲ್ಲಿ ಸ್ಕೂಲ್ ಇದೆ ಅನ್ನೋದು ಒಳ್ಳೇ ಸುದ್ದಿ, ಯಾಕಂದ್ರೆ ಸ್ಕೂಲ್ ಇದ್ರೆ ಸುತ್ತ ನಡೆದು ಬರೋ ದೂರದಲ್ಲಿ ಮಕ್ಕಳಿದ್ದ ಮನೆಗಳಿದ್ವು ಅಂತ, ಜೊತೆಗೆ ಸ್ಕೂಲಿಗೆ ಬೇರೆ ದಾಖಲೆನೂ ಇರಬಹುದು.

ಈಗ ಸ್ಕೇಲ್. 1:62,500ರಲ್ಲಿ ಮ್ಯಾಪಿನ 1 ಮಿಲಿಮೀಟರ್ ಅಂದ್ರೆ ನೆಲದ ಮೇಲೆ 62.5 ಮೀಟರ್. ಆ ಚೌಕ ಅರ್ಧ ಮಿಲಿಮೀಟರ್ ಇದೆ ಅಂದ್ರೂ ಅದು ಮುಚ್ಚಿರೋ ಜಾಗ ಸುಮಾರು 30 ಮೀಟರ್ ಅಗಲ, ಅಂದ್ರೆ ಅದು ಮನೆಯ ಆಕಾರ ಅಲ್ಲ, ಇಲ್ಲೊಂದು ಮನೆ ಇದೆ ಅಂತ ಗುರುತು ಅಷ್ಟೇ. ರಸ್ತೆಯನ್ನೂ ಹಂಗೇ ಅಗಲ ಮಾಡಿ ಬರೆದಿರ್ತಾರೆ, ರಸ್ತೆ ಅಗಲ ಆಯ್ತು ಅಂದ್ಮೇಲೆ ಪಕ್ಕದ ಮನೆನ ಗೆರೆ ಮೇಲೆ ಇಡೋಕಾಗಲ್ವಲ್ಲ, ಆಚೆ ತಳ್ಳಿರ್ತಾರೆ. ಹಾಗಾಗಿ ಮ್ಯಾಪಲ್ಲಿ ದಾರಿಯಿಂದ 50 ಮೀಟರ್ ದೂರ ಕಾಣೋ ಮನೆ ನಿಜವಾಗಿ ದಾರಿ ಅಂಚಿಗೇ ಇದ್ದಿರಬಹುದು. ಜಿಪಿಎಸ್ ಹಿಡ್ಕೊಂಡು ಆ ಪಾಯಿಂಟಿಗೆ ಹೋಗಿ ಏನೂ ಇಲ್ಲ ಅಂತ ವಾಪಸ್ ಬರೋರು ಇದನ್ನ ಮರೀತಾರೆ. ಮನೆ ಹುಡುಕಬೇಡಿ, ದಾರಿ ಹುಡುಕಿ. ಗಾಡಿ ಓಡಾಡಿದ ದಾರಿ ನೆಲದಲ್ಲಿ ತಗ್ಗಾಗಿ ಉಳಿದಿರತ್ತೆ, ಇಳಿಜಾರಲ್ಲಿ ಒಂದು ಕಡೆ ಕಡಿದು ಇನ್ನೊಂದು ಕಡೆ ಮಣ್ಣು ತುಂಬಿರೋದು ಕಾಣತ್ತೆ, ಅದರ ಮೇಲೇ ನಡ್ಕೊಂಡು ಹೋದ್ರೆ ಎರಡೂ ಬದಿಲಿ ಮನೆ ಜಾಗ ತಾನಾಗೇ ಬರತ್ತೆ.

ಹೋಗೋಕ್ ಮುಂಚೆ ಇನ್ನೊಂದು ಕೆಲಸ ಇದೆ, ಆ ಏರಿಯಾದ ಲೈಡಾರ್ ಹಿಲ್‌ಶೇಡ್ ಸಿಗತ್ತಾ ನೋಡಿ. ವಿಮಾನದಿಂದ ಲೇಸರ್ ಬಿಟ್ಟು, ಎಲೆಗಳ ಸಂದಿಯಿಂದ ನೆಲ ಮುಟ್ಟಿ ಬಂದ ಕಿರಣಗಳನ್ನ ಮಾತ್ರ ಉಳಿಸ್ಕೊಂಡು ಮಾಡಿದ ಚಿತ್ರ ಅದು, ಕಾಡನ್ನ ತೆಗೆದಿಟ್ಟು ಬರೀ ನೆಲ ತೋರಿಸತ್ತೆ. ಹಳೇ ಶೀಟನ್ನ ಅದರ ಮೇಲೆ ಅರ್ಧ ಪಾರದರ್ಶಕ ಮಾಡಿ ಇಟ್ರೆ ಚುಕ್ಕಿ ಗೆರೆ ದಾರಿ ಎಲ್ಲಿ ಕೂರತ್ತೆ, ಕಲ್ಲಿನ ಗೋಡೆ ಎಲ್ಲಿ ಓಡತ್ತೆ, ಚೌಕಾಕಾರದ ಗುಂಡಿ ಎಲ್ಲಿದೆ ಅಂತ ಕುರ್ಚಿಲಿ ಕೂತೇ ಗೊತ್ತಾಗತ್ತೆ. ನೆಲದ ಮೇಲೆ ನೀವು ನೋಡಬೇಕಾಗಿದ್ದು ಮನೆ ಗೋಡೆ ಅಲ್ಲ, ಅದು ಉಳಿದಿರೋದು ಅಪರೂಪ. ನೆಲಮಾಳಿಗೆಯ ಗುಂಡಿ, ಕುಸಿದ ಚಿಮಣಿಯ ಕಲ್ಲುಗುಡ್ಡೆ, ಸಾಲಾಗಿ ನಿಂತಿರೋ ವಯಸ್ಸಾದ ಮರಗಳು, ಕಾಡಲ್ಲಿ ತಾನಾಗಿ ಬೆಳೆಯದ ಹೂಗಿಡ. ಲೈಲಾಕ್ ಪೊದೆ, ಡ್ಯಾಫೊಡಿಲ್ ಇವೆಲ್ಲ ಮನೆ ಹೋದ್ಮೇಲೂ ಎಷ್ಟೋ ದಶಕ ಹೂ ಬಿಡ್ತಾನೇ ಇರ್ತವೆ. ಯೂರೋಪಿನ ಕಡೆ ತುರಿಕೆ ಗಿಡ ದಟ್ಟವಾಗಿ ಬೆಳೆದಿದ್ರೆ ಅಲ್ಲಿ ಮನುಷ್ಯರೋ ದನಗಳೋ ತುಂಬ ಕಾಲ ಇದ್ರು ಅಂತ ಅನುಮಾನ ಪಡ್ತಾರೆ, ಮಣ್ಣಲ್ಲಿ ಸೇರಿದ ಫಾಸ್ಫೇಟ್ ಅದಕ್ಕೆ ಇಷ್ಟ. ಚಳಿಗಾಲದ ಕೊನೆಗೆ, ಎಲೆ ಬರೋಕ್ ಮುಂಚೆ ಹೋಗಿ. ಬೇಸಿಗೆಲಿ ಹೋದ್ರೆ ಗುಂಡಿ ಕಾಣಲ್ಲ, ಕಾಲಿಗೇ ಗೊತ್ತಾಗೋದು.

ಪ್ರಶ್ನೆ: ಒಂದು ಹಳ್ಳಿ ಹಳೇ ಶೀಟಲ್ಲಿದೆ, ಮುಂದಿನ ಎಡಿಷನ್ನಲ್ಲಿ ಇಲ್ಲ. ಹಾಗಿದ್ರೆ ಆ ಎರಡು ಇಸವಿ ಮಧ್ಯೆ ಊರು ಖಾಲಿ ಆಯ್ತು ಅಂತ ಬರೀಬಹುದಾ?

ಉತ್ತರ: ಬರೀಬೇಡಿ, ಇನ್ನೂ ಎರಡು ಸಾಕ್ಷಿ ಸಿಗೋವರೆಗೂ ಬೇಡ. ಮ್ಯಾಪಲ್ಲಿ ಇರೋದು ಸಾಕ್ಷಿ, ಇಲ್ಲದಿರೋದು ಸಾಕ್ಷಿ ಅಲ್ಲ. ಮ್ಯಾಪ್ ಮಾಡೋರು ಏನು ಬಿಡಬೇಕು ಅಂತ ಕೂತು ತೀರ್ಮಾನ ಮಾಡಿರ್ತಾರೆ. ಅಮೆರಿಕದ ಶೀಟುಗಳಲ್ಲಿ ಊರು ದೊಡ್ಡದಾಗಿ ಕಟ್ಟಡ ಒತ್ತೊತ್ತಾದ್ಮೇಲೆ ಅಲ್ಲಿಗೆ ತೆಳು ಗುಲಾಬಿ ಬಣ್ಣ ಬಳಿದುಬಿಡ್ತಿದ್ರು, ಆ ಬಣ್ಣದೊಳಗೆ ಒಂದೊಂದೇ ಮನೆ ತೋರಿಸ್ತಿರಲಿಲ್ಲ, ಸ್ಕೂಲು ಚರ್ಚಿನಂಥ ಮುಖ್ಯ ಕಟ್ಟಡ ಮಾತ್ರ. ಅಂದ್ರೆ ಚೌಕಗಳು ಮಾಯ ಆಗಿರೋದು ಊರು ಸತ್ತಿದ್ದಕ್ಕಲ್ಲ, ಬೆಳೆದಿದ್ದಕ್ಕೆ! ಇನ್ನೊಂದು, ನೇರಳೆ ಬಣ್ಣದಲ್ಲಿ ಸೇರಿಸಿದ ಗೆರೆಗಳು ಕಂಡ್ರೆ ಅವು ವೈಮಾನಿಕ ಫೋಟೋ ನೋಡಿ ಮಾಡಿದ ತಿದ್ದುಪಡಿ, ಯಾರೂ ಸ್ಥಳಕ್ಕೆ ಹೋಗಿ ಚೆಕ್ ಮಾಡಿಲ್ಲ. ಸ್ಕೇಲ್ ಬದಲಾಗಿದ್ರೂ ಚಿಕ್ಕ ಊರು ಬಿದ್ದುಹೋಗತ್ತೆ. ಮಿಲಿಟರಿ ಜಾಗಗಳನ್ನ ಬೇಕಂತಲೇ ಖಾಲಿ ಬಿಟ್ಟ ಶೀಟುಗಳೂ ಇವೆ.

ನಿಜವಾಗಿ ಊರು ಹೋದ ಕಡೆ ಹೇಗಿರತ್ತೆ ಅಂದ್ರೆ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಕ್ವಾಬಿನ್ ಜಲಾಶಯ ತಗೊಳಿ. ಬಾಸ್ಟನ್ನಿಗೆ ಕುಡಿಯೋ ನೀರಿಗೆ ಅಂತ ಡೇನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್ ಅನ್ನೋ ನಾಲ್ಕು ಊರನ್ನ 1938ರಲ್ಲಿ ಕಾಗದದ ಮೇಲೆ ರದ್ದು ಮಾಡಿದ್ರು, 1946ರಲ್ಲಿ ಜಲಾಶಯ ತುಂಬ್ತು. ಹಳೇ ಶೀಟಲ್ಲಿ ಬೀದಿ, ರೈಲು, ಮಿಲ್ಲು ಎಲ್ಲಾ ಇದೆ, ಹೊಸದರಲ್ಲಿ ನೀಲಿ. ಎಲ್ಲಾ ಮುಳುಗೋಯ್ತು ಅಂತ ಜನ ಅಂದ್ಕೋತಾರೆ, ಆದ್ರೆ ಹಳೇ ಶೀಟಿನ ಕಾಂಟೂರ್ ಲೈನ್ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ಓದೋರಿಗೆ ಬೇರೆ ಕಥೆ ಕಾಣತ್ತೆ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 530 ಅಡಿ. ಹಳೇ ಶೀಟಲ್ಲಿ 520 ಮತ್ತು 540 ಅಡಿಯ ಗೆರೆ ಹುಡುಕಿ ನಡುವೆ ಪೆನ್ಸಿಲಲ್ಲಿ ಒಂದು ಗೆರೆ ಎಳೆದ್ರೆ, ಅದರ ಕೆಳಗಿರೋ ಚೌಕಗಳು ನೀರಲ್ಲಿ, ಮೇಲಿರೋವು ಈಗಲೂ ಒಣ ನೆಲದಲ್ಲಿ. ಡೇನಾ ಊರಿನ ನಡುವಣ ಬಯಲು ಹಾಗೆ ಮೇಲೇ ಉಳ್ಕೊಂಡಿದೆ. ಕಟ್ಟಡ ಒಂದೂ ಇಲ್ಲ, ಆದ್ರೆ ನೆಲಮಾಳಿಗೆ ಗುಂಡಿಗಳ ಮಧ್ಯೆ ನಡೆದಾಡಬಹುದು. ಯಾವುದೇ ದೇಶದ ಯಾವುದೇ ಡ್ಯಾಮಿಗೂ ಈ ಲೆಕ್ಕ ನಡೆಯತ್ತೆ, ಪೂರ್ತಿ ನೀರಿನ ಮಟ್ಟ ಎಷ್ಟು ಅಂತ ಗೊತ್ತಿದ್ರೆ ಸಾಕು.

ಇಂಗ್ಲೆಂಡಿನ ಟೈನ್‌ಹ್ಯಾಮ್ ಥರದ ಊರೂ ಇದೆ. 1943ರ ಡಿಸೆಂಬರಲ್ಲಿ ಸೈನ್ಯದ ತರಬೇತಿಗೆ ಅಂತ ಖಾಲಿ ಮಾಡಿಸಿದ್ರು, ಜನ ವಾಪಸ್ ಬರಲೇ ಇಲ್ಲ, ಊರಿನ ಹೆಸರು ಮಾತ್ರ ಮ್ಯಾಪಲ್ಲಿ ಹಂಗೇ ಇದೆ. ಹೆಸರಿದ್ದ ಮಾತ್ರಕ್ಕೆ ಜನ ಇದ್ರು ಅಂತಲೂ ಅಲ್ಲ.

ಇಸವಿ ಬೇಕೇ ಬೇಕು ಅಂದ್ರೆ ಸಿಗೋ ಎಲ್ಲಾ ಎಡಿಷನ್ ಸಾಲಾಗಿ ಇಟ್ಕೊಂಡು ಹೊಸದರಿಂದ ಹಿಂದಕ್ಕೆ ಬನ್ನಿ, ಪ್ರತಿ ಶೀಟಲ್ಲಿ ಏನು ಹೊಸದಾಗಿ ಬಂತು, ಏನು ಹೋಯ್ತು ಬರ್ಕೊಳಿ. ಪುರಾತತ್ವದವರು ಇದನ್ನ ಮ್ಯಾಪ್ ರಿಗ್ರೆಷನ್ ಅಂತಾರೆ. ಹೆಸರು ದೊಡ್ಡದು, ಕೆಲಸ ಇಷ್ಟೇ.

ಪ್ರಶ್ನೆ: ಇಂಥ ಹಳೇ ಶೀಟುಗಳು ಫ್ರೀ ಆಗಿ ಎಲ್ಲಿ ಸಿಗ್ತವೆ?

ಉತ್ತರ: ಅಮೆರಿಕದ್ದಕ್ಕೆ ಅಲ್ಲಿನ ಸರ್ಕಾರಿ ಸರ್ವೆ ಸಂಸ್ಥೆ ಯುಎಸ್‌ಜಿಎಸ್‌ನವರ ಟೋಪೋವ್ಯೂ ವೆಬ್‌ಸೈಟ್. 1884ರಿಂದ 2006ರವರೆಗಿನ ಶೀಟುಗಳನ್ನ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ದುಡ್ಡಿಲ್ಲ, ಜೆಪೆಗ್ ಬದಲು ಜಿಯೋಟಿಫ್ ಇಳಿಸ್ಕೊಳಿ, ಜಾಗದ ಲೆಕ್ಕ ಅದರೊಳಗೇ ಇರತ್ತೆ. ಬ್ರಿಟನ್ನಿಗೆ ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿ ವೆಬ್‌ಸೈಟ್, ನನ್ನ ಕೇಳಿದ್ರೆ ಪ್ರಪಂಚದಲ್ಲೇ ಬೆಸ್ಟ್ ಅದು: ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಹಳೇ ಶೀಟನ್ನ ಇವತ್ತಿನ ಸ್ಯಾಟಲೈಟ್ ಮೇಲೆ ಇಟ್ಟು, ಪರದೆ ಮೇಲಿನ ಸ್ಲೈಡರ್ ಎಳೆದ್ರೆ ಒಂದು ಮಸುಕಾಗಿ ಇನ್ನೊಂದು ಮೂಡತ್ತೆ. ಭಾರತದ್ದಾದ್ರೆ ಟೆಕ್ಸಸ್ ಯೂನಿವರ್ಸಿಟಿ ಲೈಬ್ರರಿಲಿ 1:2,50,000 ಸ್ಕೇಲಿನ ಯು502 ಸೀರೀಸ್ ಇದೆ, ಒಂದೊಂದು ಮನೆ ಸಿಗಲ್ಲ, ಊರು, ದಾರಿಗೆ ಸಾಕು. ಸರ್ವೆ ಆಫ್ ಇಂಡಿಯಾದ ಒಂದು ಇಂಚಿಗೆ ಒಂದು ಮೈಲಿ ಶೀಟ್ ಯಾವುದಾದ್ರೂ ಲೈಬ್ರರಿಲಿ ಸಿಕ್ರೆ ಬಿಡಬೇಡಿ, ಅದೂ ಈಗಿನ 1:50,000 ಶೀಟೂ ಎರಡೂ 15 ಮಿನಿಟಿನ (ಅಂದ್ರೆ ಕಾಲು ಡಿಗ್ರಿಯ) ಚೌಕಟ್ಟೇ, ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಪ್ರಶ್ನೆ: ಸ್ಕ್ಯಾನ್ ಮಾಡಿದ ಶೀಟನ್ನ ಮ್ಯಾಪ್ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಕೂರಿಸಿದೆ, ಆದ್ರೆ ಎಲ್ಲಾ ಒಂದೇ ಕಡೆಗೆ ಸುಮಾರು 80 ಮೀಟರ್ ಸರಿದಿದೆ. ಏನು ತಪ್ಪಾಗಿದೆ ಸರ್?

ಉತ್ತರ: ಎಲ್ಲಾ ಒಂದೇ ಕಡೆಗೆ ಒಂದೇ ಅಳತೆ ಸರಿದಿದ್ರೆ ಡೇಟಮ್ (ಅಕ್ಷಾಂಶ ರೇಖಾಂಶ ಅಳೆಯೋಕೆ ಆಧಾರವಾಗಿ ಇಟ್ಕೊಂಡ ಭೂಮಿಯ ಲೆಕ್ಕ) ಮೇಲೇ ನನ್ನ ಮೊದಲ ಅನುಮಾನ. ಮೂಲೆಲಿ ಬರೆದಿರೋ ಅಕ್ಷಾಂಶ ರೇಖಾಂಶ ಆ ಕಾಲದ ಭೂಮಿಯ ಲೆಕ್ಕಕ್ಕೆ ಸೇರಿದ್ದು, ಅದನ್ನ ಇವತ್ತಿನ ಜಿಪಿಎಸ್ ಲೆಕ್ಕ ಅಂತ ಹಾಕಿದ್ರೆ ಜಾಗ ಜರುಗತ್ತೆ. ಅಮೆರಿಕದಲ್ಲಿ 1927ರ ಡೇಟಮ್‌ನಿಂದ 1983ರದ್ದಕ್ಕೆ ಹೋದ್ರೆ ಕೆಲವು ಕಡೆ 100 ಮೀಟರ್ ಹತ್ರ ವ್ಯತ್ಯಾಸ ಬರತ್ತೆ. ಅಂಚಲ್ಲಿ ಯಾವ ಡೇಟಮ್ ಅಂತ ಬರೆದಿದ್ಯೋ ಅದನ್ನೇ ಕೊಡಿ. ಹಳೇ ಫ್ರೆಂಚ್ ಶೀಟಾದ್ರೆ ಇನ್ನೂ ಮಜಾ, ರೇಖಾಂಶ ಗ್ರೀನಿಚ್‌ನಿಂದ ಅಲ್ಲ, ಪ್ಯಾರಿಸ್‌ನಿಂದ ಎಣಿಸಿರ್ತಾರೆ, 2 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ.

ಅದೇ ಒಂದೊಂದು ಮೂಲೆ ಒಂದೊಂದು ಕಡೆ ಎಳೆದಿದ್ರೆ ಕಾಗದ ಸುಕ್ಕಾಗಿದೆ ಇಲ್ಲಾ ಸರ್ವೆನೇ ಅಷ್ಟಕ್ಕಷ್ಟೆ. ಆಗ ಮೂಲೆ ಬಿಟ್ಟು ನೆಲದ ಗುರುತು ಹಿಡೀರಿ: ಹಳೇ ಚರ್ಚು, ಕಲ್ಲಿನ ಸೇತುವೆ, ರೈಲು ಕ್ರಾಸಿಂಗ್, ಸರ್ವೆಯ ತ್ರಿಕೋನ ಗುರುತು. ನದಿ ತಿರುವು ಬೇಡ, ಅದು ತಾನೇ ಜಾಗ ಬದಲಿಸಿರತ್ತೆ. ಶೀಟನ್ನ ಜಾಗಕ್ಕೆ ಕೂರಿಸೋ ಸಾಮಾನ್ಯ ಟ್ರಾನ್ಸ್‌ಫಾರ್ಮಿಗೆ ಮೂರು ಪಾಯಿಂಟ್ ಸಾಕು ಅಂತ ಸಾಫ್ಟ್‌ವೇರ್ ಒಪ್ಕೊಳತ್ತೆ, ಆದ್ರೆ ಮೂರಕ್ಕೆ ಎಡವಟ್ಟು ಎಷ್ಟಿದೆ ಅಂತ ಅದು ಹೇಳಕ್ಕಾಗಲ್ಲ, ಹತ್ತಾದ್ರೂ ಕೊಡಿ, ಶೀಟಿನ ತುಂಬ ಹರಡಿರಲಿ. ಥಿನ್ ಪ್ಲೇಟ್ ಸ್ಪ್ಲೈನ್ ಅನ್ನೋ, ಶೀಟನ್ನ ರಬ್ಬರ್ ಥರ ಎಳೆಯೋ ವಿಧಾನ ಹಾಕಿ ದೋಷ ಸೊನ್ನೆ ಬಂತು ಅಂತ ಖುಷಿಪಡಬೇಡಿ, ಅದು ಪಾಯಿಂಟುಗಳ ಹತ್ರ ಬಲವಂತವಾಗಿ ಎಳೆದು ಕೂರಿಸಿರತ್ತೆ, ನಡುವೆ ಏನಾಗಿದೆ ದೇವರಿಗೇ ಗೊತ್ತು. ಎಷ್ಟು ನಿಖರತೆ ನಿರೀಕ್ಷಿಸಬೇಕು ಅಂದ್ರೆ, ಅಮೆರಿಕದ 1947ರ ಮಾನದಂಡದ ಪ್ರಕಾರ 1:24,000 ಶೀಟಲ್ಲಿ ಚೆನ್ನಾಗಿ ಗುರುತಿಸಬಹುದಾದ ಪಾಯಿಂಟುಗಳಲ್ಲಿ 90 ಪರ್ಸೆಂಟ್ 40 ಅಡಿ ಒಳಗಿರಬೇಕು, ಅಂದ್ರೆ ಸುಮಾರು 12 ಮೀಟರ್. ಅದಕ್ಕಿಂತ ಹಳೇದರಲ್ಲಿ ಇಂಥ ಗ್ಯಾರಂಟಿ ಕೇಳಬೇಡಿ.

ಪ್ರಶ್ನೆ: ಇಂಗ್ಲೆಂಡಿನ ಹಳೇ ಶೀಟಲ್ಲಿ ಕೆಲವು ಹೆಸರು ಮಾತ್ರ ದಪ್ಪ ಅಲಂಕಾರದ ಅಕ್ಷರದಲ್ಲಿವೆ, ಪಕ್ಕದಲ್ಲಿ ಚಿಕ್ಕದಾಗಿ 'ಸೈಟ್ ಆಫ್' ಅಂತಿದೆ. ಯಾಕೆ?

ಉತ್ತರ: ಆ ಗಾಥಿಕ್ ಅಕ್ಷರ ಪ್ರಾಚೀನ ಸ್ಥಳಗಳಿಗೆ, ರೋಮನ್ ಕಾಲದ್ದಕ್ಕೆ ಇನ್ನೊಂದು ಥರದ ಅಕ್ಷರ. 'ಸೈಟ್ ಆಫ್' ಅಂದ್ರೆ ಸರ್ವೆ ಹೊತ್ತಿಗೇ ಅಲ್ಲಿ ಏನೂ ಉಳಿದಿರಲಿಲ್ಲ, ಜನ ಹೇಳಿದ್ದನ್ನ ಕೇಳಿ ಹಾಕಿದ್ದು. ಯಾರು ಹೇಳಿದ್ರು ಅನ್ನೋದಕ್ಕೆ ಸರ್ವೆಯವರ ನೇಮ್ ಬುಕ್ ನೋಡಿ. ಪ್ರತಿ ಹೆಸರಿಗೂ ಕಾಗುಣಿತ, ಒಂದೆರಡು ಸಾಲಿನ ವಿವರಣೆ, ಅದನ್ನ ಖಾತ್ರಿ ಮಾಡಿದೋರು ಯಾರು ಅಂತ ಬರೆದಿಟ್ಟಿದ್ದಾರೆ, ಸ್ಕಾಟ್ಲೆಂಡಿನವು ಆನ್‌ಲೈನಲ್ಲೇ ಓದಬಹುದು. ಮ್ಯಾಪಲ್ಲಿ ಬರೀ ಹೆಸರಿರೋ ಕಡೆ ಆ ಪುಸ್ತಕದಲ್ಲಿ ಹಾಳುಬಿದ್ದ ಕಟ್ಟಡ ಅಂತ ವಿವರಣೆ ಇದ್ರೂ ಇರಬಹುದು. ಹಂಗಂತ 'ಸೈಟ್ ಆಫ್' ಬರೆದ ಎಲ್ಲವನ್ನೂ ನಂಬಬೇಡಿ, ಆರ್ಡ್‌ನೆನ್ಸ್ ಸರ್ವೆ 1791ರಲ್ಲಿ ಶುರುವಾಗಿದ್ದು, ಪುರಾತತ್ವಕ್ಕೇ ಅಂತ ಒಬ್ಬ ಅಧಿಕಾರಿ, ಓ.ಜಿ.ಎಸ್. ಕ್ರಾಫರ್ಡ್, ಬಂದಿದ್ದು 1920ರಲ್ಲಿ.

ಪ್ರಶ್ನೆ: ಜಾಗ ಸಿಕ್ಕಿದ್ಮೇಲೆ ಮೆಟಲ್ ಡಿಟೆಕ್ಟರ್ ತಗೊಂಡು ಹೋಗ್ಬಹುದಾ?

ಉತ್ತರ: ಮೊದಲು ಜಮೀನು ಯಾರದ್ದು ಅಂತ ನೋಡಿ, ಬರವಣಿಗೆಲಿ ಒಪ್ಪಿಗೆ ತಗೊಳಿ. ಅಮೆರಿಕದ ಫೆಡರಲ್ ಜಮೀನಲ್ಲಿ 100 ವರ್ಷಕ್ಕಿಂತ ಹಳೇ ಪುರಾತತ್ವ ವಸ್ತುನ ಪರ್ಮಿಟ್ ಇಲ್ಲದೆ ಅಗೆದು ತೆಗೆಯೋದು 1979ರ ಕಾಯ್ದೆ ಪ್ರಕಾರ ಅಪರಾಧ, ಭಾರತದಲ್ಲಿ ಹೂತ ನಿಧಿ ಸಿಕ್ಕಿದ್ದಕ್ಕೆ ಸಂಬಂಧಿಸಿದ 1878ರ ಟ್ರೆಷರ್ ಟ್ರೋವ್ ಕಾಯ್ದೆ ಇದೆ, ಬ್ರಿಟನ್ನಿನ ಸಂರಕ್ಷಿತ ಸ್ಮಾರಕದಲ್ಲಿ ಡಿಟೆಕ್ಟರ್ ಆನ್ ಮಾಡೋಕೂ ಅನುಮತಿ ಬೇಕು. ನನ್ನ ಮಾತು ಕೇಳೋದಾದ್ರೆ ಡಿಟೆಕ್ಟರ್ ಮನೇಲೇ ಇರಲಿ. ಫೋಟೋ ತೆಗೀರಿ, ಜಿಪಿಎಸ್ ಪಾಯಿಂಟ್ ಬರ್ಕೊಳಿ, ಮೊಳೆ ಮಡಕೆ ಚೂರು ಇದ್ದಲ್ಲೇ ಬಿಡಿ, ಎತ್ತಿದ ಕೂಡಲೇ ಅದು ಎಲ್ಲಿತ್ತು ಅನ್ನೋ ಮಾಹಿತಿ ಹೋಯ್ತು. ಮ್ಯಾಪಲ್ಲಿ ಗಣಿ ಚಿಹ್ನೆ ಇದ್ರೆ ಆ ಕಡೆ ಒಬ್ಬರೇ ಹೋಗಬೇಡಿ. ಹಳೇ ಬಾವಿ ಮೇಲೆ ಹಾಕಿದ ಹಲಗೆ ಕೊಳೆತು ಎಲೆ ಮುಚ್ಕೊಂಡಿರತ್ತೆ, ಮನೆ ಗುಂಡಿ ಸಿಕ್ಕಿದ ತಕ್ಷಣ ಸುತ್ತ ಓಡಾಡೋಕ್ ಮುಂಚೆ ಕೋಲಲ್ಲಿ ನೆಲ ಕುಟ್ಟಿ ನೋಡಿ.

ಪ್ರಶ್ನೆ: ಹಳೇ ಶೀಟಲ್ಲಿ ಕೊಟ್ಟಿರೋ ಮ್ಯಾಗ್ನೆಟಿಕ್ ಡಿಕ್ಲಿನೇಷನ್ ಹಾಕಿ ಕಂಪಾಸ್ ಸೆಟ್ ಮಾಡ್ಕೊಂಡ್ರೆ ಸರಿಯಾಗತ್ತಾ?

ಉತ್ತರ: ಆಗಲ್ಲ. ಡಿಕ್ಲಿನೇಷನ್ ಅಂದ್ರೆ ನಿಜವಾದ ಉತ್ತರಕ್ಕೂ ಕಂಪಾಸ್ ತೋರಿಸೋ ಉತ್ತರಕ್ಕೂ ಇರೋ ಕೋನದ ವ್ಯತ್ಯಾಸ. ಕಾಂತೀಯ ಉತ್ತರ ಸರೀತಾನೇ ಇರತ್ತೆ, ಹಾಗಾಗಿ ಶೀಟಲ್ಲಿರೋದು ಆ ಇಸವಿಗೆ ಮಾತ್ರ ಸರಿ. ಇವತ್ತಿನದನ್ನ ಅಮೆರಿಕದ ಹವಾಮಾನ-ಸಾಗರ ಸಂಸ್ಥೆ ಎನ್‌ಒಎಎ ಕ್ಯಾಲ್ಕುಲೇಟರಲ್ಲಿ ನೋಡ್ಕೊಂಡು ಹೊರಡಿ.