ಕೊರಳ ಹಲಗೆ, ಇನ್‌ಸ್ಪೆಕ್ಟರರ ಲೆಕ್ಕ

ಪತ್ರ: ವೇಲ್ಸ್‌ನ ಶಾಲೆಗಳಲ್ಲಿ ಮನೆಮಾತಾಡಿದ ಮಕ್ಕಳ ಕೊರಳಿಗೆ ಹಲಗೆ ಕಟ್ಟುತ್ತಿದ್ದರೆಂದು ಕಳೆದ ಸಂಚಿಕೆಯಲ್ಲಿ ಒಂದೇ ಸಾಲು ಬರೆದು ಬಿಟ್ಟಿದ್ದೀರಿ. ಅದು ಸರ್ಕಾರದ ಕಾನೂನೇ? ಒಂದು ತುಂಡು ಹಲಗೆಗೆ ಭಾಷೆ ಸಾಯುತ್ತದೆಯೇ? ನನ್ನ ಮಗಳ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. ಎರಡೂ ಒಂದೇ ಅಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಮಾನ್ಯರೇ,

ಒಂದು ಸಾಲಿಗೆ ಬಿಟ್ಟದ್ದು ನಮ್ಮ ತಪ್ಪು. ಅದು ಕಾನೂನಾಗಿರಲಿಲ್ಲ. ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಮನೆಮಾತು ವೆಲ್ಷ್. ಶಾಲೆಯಲ್ಲಿ ಅದನ್ನು ಬಿಡಿಸಿ ಇಂಗ್ಲಿಷ್ ಆಡಿಸಲು 19ನೇ ಶತಮಾನದ ಆ ‘ವೆಲ್ಷ್ ನಾಟ್’ (ವೆಲ್ಷ್ ಕೂಡದು) ಹಲಗೆಯನ್ನು ಕಟ್ಟಿಸಿದವರು ಮೇಷ್ಟರುಗಳು; ಎಷ್ಟೋ ಅಪ್ಪ–ಅಮ್ಮಂದಿರೂ ಒಪ್ಪಿದ್ದರು. ಪದ್ಧತಿ ಶಾಲೆಯಿಂದ ಶಾಲೆಗೆ ಬೇರೆಯಾದರೂ ಸಾಮಾನ್ಯ ಕ್ರಮ ಇದು: ‘ಡಬ್ಲ್ಯು ಎನ್’ ಎಂದು ಕೊರೆದ ಸಣ್ಣ ಮರದ ತುಂಡಿಗೆ ದಾರ. ವೆಲ್ಷ್ ಮಾತಾಡಿ ಮೊದಲು ಸಿಕ್ಕಿಬಿದ್ದವನ ಕೊರಳಿಗೆ ಅದು. ಅವನ ಕಿವಿಗೆ ಇನ್ನೊಬ್ಬನ ವೆಲ್ಷ್ ಬಿದ್ದರೆ ಹಲಗೆ ಆ ಇನ್ನೊಬ್ಬನಿಗೆ ದಾಟುತ್ತದೆ. ಶಾಲೆ ಬಿಡುವ ಹೊತ್ತಿಗೆ ಯಾರ ಕೊರಳಲ್ಲಿದೆಯೋ ಅವನಿಗೆ ಬೆತ್ತದ ಏಟು. ಮೇಷ್ಟರು ಹೊಡೆಯುವುದು ಒಬ್ಬನಿಗೆ, ಕಾವಲು ಕಾಯುವುದು ಇಡೀ ತರಗತಿ. ಹಲಗೆ ಕಳಚಬೇಕಾದರೆ ಗೆಳೆಯನನ್ನು ಹಿಡಿದುಕೊಡಬೇಕು. ಫ್ರಾನ್ಸಿನ ಬ್ರೆಟನ್ ಸೀಮೆಯಲ್ಲೂ ಜಪಾನಿನ ಓಕಿನಾವಾದಲ್ಲೂ ಇದೇ ಉಪಾಯ ಬಳಕೆಯಲ್ಲಿತ್ತು. ಓಕಿನಾವಾದಲ್ಲಿ ಅದರ ಹೆಸರು ‘ಹೋಗೆನ್ ಫುದಾ’.

1847ರಲ್ಲಿ ವೇಲ್ಸ್‌ನ ಶಾಲೆಗಳ ವಿಚಾರಣೆ ನಡೆಸಿದ ಮೂವರು ಆಯುಕ್ತರಿಗೆ ವೆಲ್ಷ್ ಬರುತ್ತಿರಲಿಲ್ಲ. ಅವರ ವರದಿ ಭಾಷೆಯನ್ನೂ ಜನರ ನಡತೆಯನ್ನೂ ಎಷ್ಟು ಹಳಿಯಿತೆಂದರೆ, ವೇಲ್ಸ್‌ನವರು ಅದಕ್ಕೆ ‘ನೀಲಿ ಪುಸ್ತಕಗಳ ದ್ರೋಹ’ (ಸರ್ಕಾರಿ ವರದಿಗಳ ರಟ್ಟು ನೀಲಿ) ಎಂದೇ ಹೆಸರಿಟ್ಟರು. ಆದರೆ ಹಲಗೆಯನ್ನು ಆ ವರದಿಯೇ ಟೀಕಿಸಿದೆ: ಮಕ್ಕಳು ಸಹಪಾಠಿಗಳ ಮನೆಗೆ ಕಳ್ಳಹೆಜ್ಜೆಯಲ್ಲಿ ಹೋಗಿ, ಯಾರು ತಂದೆ–ತಾಯಿಯ ಹತ್ತಿರ ವೆಲ್ಷ್ ಆಡುತ್ತಾರೆಂದು ಪತ್ತೆ ಮಾಡುತ್ತಿದ್ದರಂತೆ!

ಹಲಗೆ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ನೆನಪು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹಣ. ಸರ್ಕಾರದ 1862ರ ಪರಿಷ್ಕೃತ ನಿಯಮಾವಳಿ ಶಾಲೆಗಳ ಅನುದಾನವನ್ನು ಪರೀಕ್ಷೆಯ ಫಲಿತಾಂಶಕ್ಕೆ ಕಟ್ಟಿಹಾಕಿತು. ಸರಾಸರಿ ಹಾಜರಾತಿಯ ಮೇಲೆ ತಲೆಗೆ 4 ಶಿಲಿಂಗ್. ಓದು, ಬರಹ, ಲೆಕ್ಕದಲ್ಲಿ ಇನ್‌ಸ್ಪೆಕ್ಟರರ ಪರೀಕ್ಷೆ ಪಾಸಾದರೆ 8 ಶಿಲಿಂಗ್. ಒಂದು ವಿಷಯದಲ್ಲಿ ಫೇಲಾದರೆ 2 ಶಿಲಿಂಗ್ 8 ಪೆನ್ಸ್ ಕಡಿತ. ವೆಲ್ಷ್ ಓದಿಗೆ ಒಂದು ಪೆನ್ನಿಯೂ ಇಲ್ಲ. ಮೇಷ್ಟರ ಸಂಬಳ ಈ ಹಣದ ಮೇಲೆ ನಿಂತಾಗ ಅವರು ವೆಲ್ಷ್‌ಗೆ ಸಮಯ ಕೊಡುವುದೆಲ್ಲಿಂದ? ಮಕ್ಕಳು ಇಂಗ್ಲಿಷ್ ಪಾಠವನ್ನು ಉರು ಹೊಡೆದು, ಅರ್ಥ ತಿಳಿಯದೆ, ಇನ್‌ಸ್ಪೆಕ್ಟರರ ಮುಂದೆ ಗಡಗಡ ಓದಿ ಪಾಸಾದರು.

ಇಷ್ಟಾದರೂ ವೆಲ್ಷ್ ಆಗಲೇ ಸಾಯಲಿಲ್ಲ. 1588ರಿಂದ ವೆಲ್ಷ್ ಬೈಬಲ್ ಇತ್ತು, ಚಾಪೆಲ್‌ಗಳ ಭಾನುವಾರದ ಶಾಲೆಯಲ್ಲಿ ಮಕ್ಕಳೂ ಮುದುಕರೂ ವೆಲ್ಷ್ ಓದಲು ಕಲಿಯುತ್ತಿದ್ದರು. 1911ರಲ್ಲಿ ವೆಲ್ಷ್ ಬಲ್ಲವರು ಸುಮಾರು 9.77 ಲಕ್ಷ, ಅಷ್ಟು ಜನ ಹಿಂದೆಂದೂ ಇರಲಿಲ್ಲ. ಆಗಲೇ ಇಳಿಯತೊಡಗಿದ್ದು ಜನಸಂಖ್ಯೆಯಲ್ಲಿ ಅವರ ಪಾಲು: 1901ರಲ್ಲಿ ಶೇ 50, 2021ರಲ್ಲಿ ಶೇ 17.8. ಕಲ್ಲಿದ್ದಲ ಗಣಿಗಳಿಗೆ ಇಂಗ್ಲೆಂಡಿನಿಂದ ಬಂದು ನೆಲೆಸಿದವರೂ ಇದಕ್ಕೆ ಕಾರಣ, ಎಲ್ಲವನ್ನೂ ಶಾಲೆಯ ತಲೆಗೆ ಕಟ್ಟಬಾರದು. ಶಾಲೆಯ ಪಾಲು ಇಷ್ಟು: ಏಟು ತಿಂದವರ ಬಾಯಿಂದ ವೆಲ್ಷ್ ಹೋಗಲಿಲ್ಲ, ಅವರ ಮಕ್ಕಳ ಬಾಯಿಗೆ ಬರಲಿಲ್ಲ. ‘ಇದರಿಂದ ಹೊಟ್ಟೆ ತುಂಬೋಲ್ಲ’ ಅನ್ನುವುದನ್ನು ಶಾಲೆಯಲ್ಲಿ ಕಲಿತವರು ತೊಟ್ಟಿಲ ಬಳಿ ಇಂಗ್ಲಿಷ್ ಹಿಡಿದರು.

ನಿಮ್ಮ ಮಗಳ ಶಾಲೆಗೆ ಬರೋಣ. ಉಪಾಯ ಒಂದೇ, ಹಣದ ದಾರಿ ಬೇರೆ. ಅಲ್ಲಿ ಕೊಟ್ಟದ್ದು ಸರ್ಕಾರ. ಇಲ್ಲಿ ಫೀ ಕಟ್ಟುವವರು ನಾವೇ. ದಂಡದ ನಿಯಮ ಇರುವುದಕ್ಕೇ ಶಾಲೆಯನ್ನು ಮೆಚ್ಚುವ ಪೋಷಕರೂ ಇದ್ದಾರೆ. (ನಮ್ಮ ಕನ್ನಡ ಶಾಲೆಗೆ ಬರುವ ಲಂಬಾಣಿ, ತುಳು, ಕೊಡವ ಮಕ್ಕಳ ಮಾತಿಗೆ ನಾವೆಷ್ಟು ಜಾಗ ಬಿಟ್ಟಿದ್ದೇವೆ ಎಂದು ಯಾರಾದರೂ ಪತ್ರ ಬರೆದರೆ ಉತ್ತರ ಕೊಡುವುದು ಕಷ್ಟ.)

ದೂರು ಕೊಡುವುದಾದರೆ ಮೊದಲು ದಂಡದ ನಿಯಮ ಡೈರಿಯಲ್ಲೋ ಸುತ್ತೋಲೆಯಲ್ಲೋ ಇದೆಯೇ ನೋಡಿ, ಇದ್ದರೆ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ನಿಯಮವಾದರೆ ಕಟ್ಟಿದ ದಿನ, ಮೊತ್ತ ಬರೆದಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದನ್ನು ಉಲ್ಲೇಖಿಸಿ ಮುಖ್ಯೋಪಾಧ್ಯಾಯರಿಗೆ ಬರೆದು, ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರದಲ್ಲಿ ಹತ್ತು ರೂಪಾಯಿಯ ಮಾತು ಆಮೇಲೆ ಬರಲಿ. ಕನ್ನಡ ಮಾತಾಡಿದವರ ಹೆಸರು ಬರೆದುಕೊಳ್ಳುವ ಕೆಲಸವನ್ನು ಕ್ಲಾಸ್ ಲೀಡರ್‌ಗೆ ಒಪ್ಪಿಸಿದ್ದರೆ, ಮೊದಲು ಅದನ್ನು ಬರೆಯಿರಿ.

– ಸಂ.